ಮೂರು ತಂತಿಯ ತುದಿಯಲ್ಲಿ ಕರ್ನಲ್

ರಾಸ್‌ಬೆರಿ ಪೈ 3 ಬೋರ್ಡಿನ ಅಂಚಿನಲ್ಲಿ 40 ಪಿನ್ನುಗಳು ಎರಡು ಸಾಲಾಗಿ ನಿಂತಿವೆ. ಆರನೆಯದು ಗ್ರೌಂಡ್; ಎಂಟು ಮತ್ತು ಹತ್ತನೆಯವು ಸೀರಿಯಲ್ ಪೋರ್ಟಿನವು. ಅಲ್ಲಿಂದ ಮೂರು ತಂತಿ ಎಳೆದು ಸೀರಿಯಲ್ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಸೇರಿಸಿದ್ದೇನೆ. ಕೇಬಲ್ 3.3 ವೋಲ್ಟಿನದೇ ಆಗಿರಬೇಕು, 5 ವೋಲ್ಟ್ ನುಗ್ಗಿದರೆ ಚಿಪ್ ಕೆಡಬಹುದು. ಟರ್ಮಿನಲ್ಲಿನ ವೇಗ 1,15,200ಕ್ಕೆ ಹೊಂದಿಸಿಯಾಯಿತು. ಇನ್ನು ಕರೆಂಟು ಕೊಟ್ಟರೆ ಲಿನಕ್ಸ್ ಕರ್ನಲ್ ಏಳುವುದನ್ನು ಸಾಲು ಸಾಲಾಗಿ ಓದಬಹುದು.

ಕೊಟ್ಟ ತಕ್ಷಣ ಪರದೆಯ ಮೇಲೆ ಏನೂ ಬರುವುದಿಲ್ಲ. ಈ ಬೋರ್ಡಿನಲ್ಲಿ ಮೊದಲು ಎಚ್ಚರವಾಗುವುದು ಗ್ರಾಫಿಕ್ಸ್ ಪ್ರೊಸೆಸರ್. ಮೆಮರಿ ಕಾರ್ಡಿನಿಂದ ತನ್ನ ಫರ್ಮ್‌ವೇರ್ ಓದಿಕೊಳ್ಳುವುದು, ರ‍್ಯಾಮ್ ಚಾಲೂ ಮಾಡುವುದು, ಕರ್ನಲ್ಲನ್ನು ತಂದು ರ‍್ಯಾಮಿನಲ್ಲಿ ಇಡುವುದು ಎಲ್ಲ ಅದರ ಕೆಲಸ. ಆಮೇಲಷ್ಟೇ ಆರ್ಮ್ ಕೋರ್‌ಗಳಿಗೆ ಓಡಲು ಅಪ್ಪಣೆ ಸಿಗುತ್ತದೆ.

ಈಗ ಹತ್ತಾರು ಸಾಲುಗಳು ಒಮ್ಮೆಲೇ ಸುರಿದವು. ಮೊದಲ ಸಾಲುಗಳ ಎಡಭಾಗ ಗಮನಿಸಿ: ಎಲ್ಲದರ ಸಮಯವೂ 0.000000. ಗಡಿಯಾರವೇ ಇನ್ನೂ ಸಿದ್ಧವಾಗದ ಹೊತ್ತಿನಲ್ಲಿ ಬರೆದ ಸಾಲುಗಳಿವು. ಇವು ಹೀಗೆ ಗುಂಪಾಗಿ ಬಂದದ್ದಕ್ಕೂ ಕಾರಣವಿದೆ. ಸೀರಿಯಲ್ ಪೋರ್ಟು ಕೂಡ ಕರ್ನಲ್ ಸಿದ್ಧಪಡಿಸಬೇಕಾದ ಸಾಧನವೇ ತಾನೇ? ಅದರ ಡ್ರೈವರ್ ಬರುವ ತನಕ ಕರ್ನಲ್ ತನ್ನ ಮಾತನ್ನೆಲ್ಲ ಮೆಮರಿಯ ಒಂದು ಬಫರಿನಲ್ಲಿ ಬರೆದಿಟ್ಟುಕೊಂಡಿತ್ತು. ಕನ್ಸೋಲ್ ಸಿಕ್ಕಿದ ಕೂಡಲೇ ಅಷ್ಟನ್ನೂ ಹೊರಗೆ ಹಾಕಿದೆ.

ಹಾಗಾದರೆ ಯಾವ ಸಾಧನ ಎಲ್ಲಿದೆ ಎಂದು ಕರ್ನಲ್ಲಿಗೆ ಹೇಳಿದವರು ಯಾರು? ಯುಎಸ್‌ಬಿ ಸಾಧನವಾದರೆ ಕೇಳಿದಾಗ ತನ್ನ ಗುರುತು ತಾನೇ ಹೇಳುತ್ತದೆ. ಚಿಪ್ಪಿನೊಳಗಿನ ಟೈಮರ್, ಸೀರಿಯಲ್ ಪೋರ್ಟು, ಕಾರ್ಡ್ ಕಂಟ್ರೋಲರ್‌ಗಳು ಬಾಯಿ ಬಿಡುವುದಿಲ್ಲ. ಅವುಗಳ ವಿಳಾಸ, ಇಂಟರಪ್ಟ್ ಸಂಖ್ಯೆ, ಬೇಕಾದ ಕ್ಲಾಕ್ ಎಲ್ಲವೂ ಡಿವೈಸ್ ಟ್ರೀ ಎಂಬ ಕಡತದಲ್ಲಿವೆ. ಜಮೀನಿಗೆ ಪಹಣಿ ಇದ್ದಂತೆ ಬೋರ್ಡಿಗೆ ಇದು. ಹಿಂದೆ ಆರ್ಮ್ ಬೋರ್ಡುಗಳ ಈ ವಿವರವನ್ನು ಕರ್ನಲ್ಲಿನ ಸಿ ಕೋಡಿನಲ್ಲೇ ಬರೆಯುತ್ತಿದ್ದರು. ಹೊಸ ಬೋರ್ಡು ಬಂದಂತೆಲ್ಲ ಕೋಡು ಬೆಳೆಯುತ್ತಲೇ ಹೋಯಿತು. 2011ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಇದರ ವಿರುದ್ಧ ಸಿಟ್ಟಿಗೆದ್ದ ಮೇಲೆ ಆರ್ಮ್ ಬಳಗ ಡಿವೈಸ್ ಟ್ರೀ ಕಡೆಗೆ ವೇಗವಾಗಿ ಹೊರಳಿತು.

ಟ್ರೀಯಲ್ಲಿರುವ ಹೆಸರಿಗೂ ಡ್ರೈವರಿನಲ್ಲಿರುವ ಹೆಸರಿಗೂ ತಾಳೆಯಾದರೆ ಕರ್ನಲ್ ಆ ಡ್ರೈವರಿನ ಪ್ರೋಬ್ ಫಂಕ್ಷನ್ನನ್ನು ಕರೆಯುತ್ತದೆ. ಮೆಮರಿ ಕಾರ್ಡಿನ ಸರದಿ ಬಂದಿದೆ, ಇಲ್ಲಿ ಸ್ವಲ್ಪ ನಿಲ್ಲೋಣ. ಕಂಟ್ರೋಲರಿನ ರಿಜಿಸ್ಟರುಗಳು ಕೈಗೆ ಸಿಕ್ಕವು, ಕ್ಲಾಕ್ ಚಾಲೂ ಆಯಿತು, ಇಂಟರಪ್ಟ್ ನೋಂದಣಿಯಾಯಿತು. ಆದರೆ ಆ ಕಡೆ ಯಾವ ಕಾರ್ಡಿದೆಯೋ, ಎಷ್ಟು ಹಳೆಯದೋ ಗೊತ್ತಿಲ್ಲ. ಆದ್ದರಿಂದ ಕರ್ನಲ್ 400 ಕಿಲೋಹರ್ಟ್ಸ್‌ನಲ್ಲಿ ನಿಧಾನವಾಗಿ ಮಾತು ಶುರುಮಾಡುತ್ತದೆ. ಉತ್ತರ ಬರದಿದ್ದರೆ 300, ಆಮೇಲೆ 200, ಕೊನೆಗೆ 100. ಕಾರ್ಡು ತನ್ನ ಸಾಮರ್ಥ್ಯ ಹೇಳಿಕೊಂಡ ಮೇಲೆಯೇ ಕ್ಲಾಕ್ 50 ಮೆಗಾಹರ್ಟ್ಸ್‌ವರೆಗೆ ಏರಬಹುದು. ಪರದೆಯಲ್ಲಿ ಇದಿಷ್ಟಕ್ಕೂ ಸಿಗುವುದು ಒಂದೇ ಸಾಲು: ‘ಎಂಎಂಸಿ ಝೀರೋ: ನ್ಯೂ ಹೈ ಸ್ಪೀಡ್ ಎಸ್‌ಡಿಎಚ್‌ಸಿ ಕಾರ್ಡ್’. ಬೋರ್ಡಿನ ವೈಫೈ ಚಿಪ್ಪೂ ಇದೇ ಬಗೆಯ ಇನ್ನೊಂದು ದಾರಿಯಲ್ಲಿ ಕಾರ್ಡಿನ ವೇಷದಲ್ಲೇ ಬರುತ್ತದೆ.

ಪ್ರೋಬ್ ಸೋತರೆ? ನನ್ನನ್ನು ಹೆಚ್ಚು ಹಿಡಿದಿಡುವ ಜಾಗ ಇದು. ಒಂದು ಸಾಧನಕ್ಕೆ ವಿದ್ಯುತ್ ಕೊಡುವ ರೆಗ್ಯುಲೇಟರಿನ ಡ್ರೈವರ್ ಇನ್ನೂ ಬಂದಿಲ್ಲ ಎಂದುಕೊಳ್ಳಿ; ಆಗ ಆ ಸಾಧನದ ಪ್ರೋಬ್ ಸೋಲುತ್ತದೆ. ಕರ್ನಲ್ಲಿನ ಆರಂಭಿಕ ಫಂಕ್ಷನ್ನುಗಳು ಎಂಟು ಹಂತಗಳಲ್ಲಿ ಓಡುತ್ತವೆ. ಮುಂಚೆ ರೆಗ್ಯುಲೇಟರನ್ನು ಇನ್ನೂ ಮೊದಲಿನ ಹಂತಕ್ಕೆ ಸರಿಸಿ ಹೇಗೋ ಸರಿದೂಗಿಸುತ್ತಿದ್ದರು. ಒಂದು ಬೋರ್ಡಿಗೆ ಸರಿಯಾದದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2012ರ 3.4 ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ಬಂತು. ಡ್ರೈವರ್ 517 ಎಂಬ ಸಂಕೇತ ಹಿಂದಿರುಗಿಸುತ್ತದೆ: ಈಗ ಆಗದು, ಆಮೇಲೆ ಕರೆಯಿರಿ. ಕರ್ನಲ್ ಆ ಸಾಧನವನ್ನು ಕಾಯುವವರ ಪಟ್ಟಿಗೆ ಸೇರಿಸಿ, ಬೇರೊಂದು ಡ್ರೈವರ್ ಗೆದ್ದಾಗಲೆಲ್ಲ ಪಟ್ಟಿಯನ್ನು ಮತ್ತೆ ಪ್ರಯತ್ನಿಸುತ್ತದೆ. ಯಾರು ಯಾರಿಗಿಂತ ಮುಂದೆ ಎಂದು ಮೊದಲೇ ಬರೆದಿಡಬೇಕಾಗಿಲ್ಲ. ಸಾವಿರಾರು ಬಗೆಯ ಬೋರ್ಡುಗಳನ್ನು ಒಂದೇ ಕರ್ನಲ್ ಮೂಲದಿಂದ ಎಬ್ಬಿಸುವ ಕೆಲಸದಲ್ಲಿ ಇದಕ್ಕಿಂತ ಹಿರಿದಾದ ಉಪಾಯವನ್ನು ನಾನು ಕಂಡಿಲ್ಲ.

ಮುಂದೆ ಯುಎಸ್‌ಬಿ ಸಾಲುಗಳು ಓಡುತ್ತಿವೆ. ಈ ಬೋರ್ಡಿನ ಈಥರ್ನೆಟ್ ಕೂಡ ಯುಎಸ್‌ಬಿ ಹಿಂದೆಯೇ ಇರುವುದರಿಂದ ನೆಟ್‌ವರ್ಕ್ ತಡವಾಗಿ ಏಳುತ್ತದೆ. ರೂಟ್ ಕಡತ ವ್ಯವಸ್ಥೆ ಇರುವುದು ಮೆಮರಿ ಕಾರ್ಡಿನಲ್ಲಿ. ಕಾರ್ಡು ಸಿದ್ಧವಾಗುವವರೆಗೆ ಕಾಯಲು ಕರ್ನಲ್ಲಿನ ಆಜ್ಞಾ ಸಾಲಿನಲ್ಲಿ ‘ರೂಟ್‌ವೇಟ್’ ಎಂದು ಬರೆದಿರುತ್ತಾರೆ. ಈಗ ರೂಟ್ ಮೌಂಟ್ ಆಗಿ, ಇನಿಟ್ ಪ್ರಕ್ರಿಯೆ ಶುರುವಾಗಿ, ಲಾಗಿನ್ ಕೇಳುತ್ತಿದೆ.

ಒಳಗೆ ಹೋಗಿ ಡಿಬಗ್ ಕಡತ ವ್ಯವಸ್ಥೆಯಲ್ಲಿರುವ ‘ಡಿವೈಸಸ್ ಡಿಫರ್ಡ್’ ಕಡತ ತೆರೆಯಿರಿ. ಕೊನೆಯವರೆಗೂ ಸರದಿ ಬಾರದೆ ಕಾಯುತ್ತಲೇ ಉಳಿದ ಸಾಧನಗಳ ಹೆಸರು ಅಲ್ಲಿರುತ್ತದೆ. ಹೊಸದಾಗಿ ಜೋಡಿಸಿದ ಡಿಸ್‌ಪ್ಲೇ ಬೆಳಗದಿದ್ದರೆ ನಾನು ಮೊದಲು ನೋಡುವುದು ಆ ಕಡತವನ್ನೇ.