ಸ್ಯಾಂಡಿಂಗ್ ಗೆರೆ ಹೋಗಬೇಕು, ಕ್ಲಿಯರ್ ಕೋಟ್ ಉಳಿಯಬೇಕು

ಶಾರ್ಜಾ, ಮುಸಫ್ಫಾ ಗ್ಯಾರೇಜುಗಳಲ್ಲಿ ಪೇಂಟ್ ಕೆಲಸ ಮಾಡುವವರಿಗೆ ಇದು ಗೊತ್ತಿರುವ ತಲೆನೋವು. ಶೆಡ್ ಒಳಗೆ ಕನ್ನಡಿಯಂತೆ ಹೊಳೆದ ಕಪ್ಪು ಕಾರು, ಬಿಸಿಲಿಗೆ ತಂದ ಕೂಡಲೇ ಗೆರೆ ಗೆರೆ. ಕಸ್ಟಮರ್ ಒಪ್ಪಲ್ಲ.

1500 ನಂಬರ್ ವಾಟರ್ ಪೇಪರ್ ಉಜ್ಜಿ ನೇರವಾಗಿ ಬಫಿಂಗ್ ಮಾಡಿದರೆ ಆಳದ ಗೆರೆ ಉಳಿಯುತ್ತದೆ. ಕಾಂಪೌಂಡಿನ ಎಣ್ಣೆ ಅದನ್ನು ಸ್ವಲ್ಪ ಹೊತ್ತು ಮುಚ್ಚಿಡುತ್ತದೆ, ಅಷ್ಟೇ. ಹಾಗಾಗಿ 2000, ಆಮೇಲೆ 3000 ಪೇಪರಿನಲ್ಲಿ ದಿಕ್ಕು ಬದಲಿಸಿ ಉಜ್ಜಿ. ಹಿಂದಿನ ಗೆರೆ ಪೂರ್ತಿ ಹೋದ ಮೇಲೇ ಮುಂದಿನ ಪೇಪರ್. ನಂತರ ಉಣ್ಣೆ ಪ್ಯಾಡಿನಲ್ಲಿ ಕಟಿಂಗ್ ಕಾಂಪೌಂಡ್, ಕೊನೆಗೆ ಮೆತ್ತನೆಯ ಫೋಮ್ ಪ್ಯಾಡಿನಲ್ಲಿ ಪಾಲಿಷ್.

ಕ್ಲಿಯರ್ ಕೋಟ್ ಸಾಮಾನ್ಯವಾಗಿ ಇರುವುದೇ 40-50 ಮೈಕ್ರಾನ್. ಅಂಚುಗಳಲ್ಲಿ ಬೇಗ ಸವೆಯುತ್ತದೆ, ಅಲ್ಲಿ ಟೇಪ್ ಹಚ್ಚಿ. ಉಜ್ಜುವಾಗ ನೀರು ಬಿಳಿಯಾಗಿದ್ದರೆ ಅದು ಕ್ಲಿಯರ್. ಕಾರಿನ ಬಣ್ಣ ಬಂತೆಂದರೆ ಅಲ್ಲೇ ನಿಲ್ಲಿಸಿ. ಅದು ಪಾಲಿಷಿನಿಂದ ಸರಿಯಾಗಲ್ಲ, ಮತ್ತೆ ಪೇಂಟ್ ಹೊಡೆಯಬೇಕು. ಆ ಖರ್ಚು ಯಾರ ತಲೆಗೆ ಬರುತ್ತೆ ಅಂತ ಹೇಳಬೇಕಾಗಿಲ್ಲ.

ಬಿಸಿಲಿಗೆ ಕಾದ ಬಾನೆಟ್ ಮೇಲೆ ಮೆಷಿನ್ ಇಡಬೇಡಿ. ಕಾಂಪೌಂಡ್ ಒಣಗಿ ಹಿಡಿದುಕೊಳ್ಳುತ್ತದೆ. ನೆರಳಿನಲ್ಲಿ ತಣ್ಣಗಾಗಲಿ. ಡೆಲಿವರಿಗೆ ಮುಂಚೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆ ಒರೆಸಿ, ಕಾರನ್ನು ಬಿಸಿಲಿಗೆ ನಿಲ್ಲಿಸಿ ನೋಡಿ. ಗೆರೆ ಇದ್ದರೆ ಕಸ್ಟಮರ್‌ಗಿಂತ ಮೊದಲು ನಿಮಗೇ ಕಾಣಲಿ.