ಬೆಲ್ಲ, ರವೆ, ಒಂದಿಷ್ಟು ಪಾಚಿ

ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹಣ್ಣುನೊಣಗಳನ್ನು ಸಾಕುವ ಕೇಂದ್ರವೊಂದಿದೆ. ಬಾಳೆಹಣ್ಣು, ಹಲಸಿನ ತೊಳೆಗೆ ಮುತ್ತುವ ಅದೇ ಪುಟ್ಟ ನೊಣ, ವಿಜ್ಞಾನಿಗಳ ಬಾಯಲ್ಲಿ ಡ್ರೊಸೊಫಿಲಾ. ಅದಕ್ಕೆ ಅಲ್ಲಿ ಬೇಯಿಸಿ ಹಾಕುವ ಊಟದ ಲೆಕ್ಕ ಹೀಗೆ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಗಟ್ಟಿಯಾಗಲು 10 ಗ್ರಾಂ ಅಗರ್. ಬೂಷ್ಟು ಹಿಡಿಯದಿರಲೆಂದು ಕೊಂಚ ಪ್ರೊಪಿಯಾನಿಕ್ ಆಮ್ಲ. ತುಪ್ಪ ಕಾಣದ ಸಜ್ಜಿಗೆ ಎನ್ನಿ. ಮೇಲೆ ಯೀಸ್ಟ್ ಉದುರಿಸಿದರೆ ನೊಣಕ್ಕೆ ಪ್ರೋಟೀನೂ ಸಿಕ್ಕಿತು. ಇಂಥ ಊಟಕ್ಕೆ ಸ್ಪಿರುಲಿನಾ ಪುಡಿ ಕಲಸಿಟ್ಟು, ನೊಣ ಎಷ್ಟು ದಿನ ಬದುಕುತ್ತದೆ, ಹೇಗೆ ಓಡಾಡುತ್ತದೆ, ಎಷ್ಟು ಮೊಟ್ಟೆ ಇಡುತ್ತದೆ ಎಂದು ನೋಡುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ.

ಸ್ಪಿರುಲಿನಾವನ್ನು ಪಾಚಿ ಎಂದು ಕರೆಯುವುದು ರೂಢಿ. ಕಟ್ಟುನಿಟ್ಟಾಗಿ ಹೇಳಿದರೆ ಅದು ಸಯನೋಬ್ಯಾಕ್ಟೀರಿಯಾ. ನಿಜವಾದ ಸೂಕ್ಷ್ಮಪಾಚಿ ಬೇಕೆಂದರೆ ಕ್ಲೋರೆಲ್ಲಾ ಇದೆ, 1890ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಹೆಸರಿಟ್ಟದ್ದು. ಸ್ಪಿರುಲಿನಾ ತಿನ್ನುವುದೂ ಹೊಸದಲ್ಲ. ಮೆಕ್ಸಿಕೋದ ಟೆಸ್ಕೋಕೋ ಸರೋವರದಿಂದ ಆಜ್ಟೆಕ್ ಜನ ಅದನ್ನು ಸೋಸಿ ತೆಗೆದು ಒಣಗಿಸಿ ತಿನ್ನುತ್ತಿದ್ದರು. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಕಾನೆಂಬು ಹೆಂಗಸರು ಇಂದಿಗೂ ಅದನ್ನು ಮರಳ ಮೇಲೆ ಒಣಗಿಸಿ ಬಿಲ್ಲೆ ಮಾಡುತ್ತಾರೆ. ನಮ್ಮಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದಲೇ ಪಾಚಿ ಬೆಳೆಸುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಒಣ ಪುಡಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪ್ರೋಟೀನೇ. ಜೊತೆಗೆ ಫೈಕೋಸಯನಿನ್ ಎಂಬ ನೀಲಿ ಬಣ್ಣದ ಪ್ರೋಟೀನ್. ಪೂರಕ ಆಹಾರ ಮಾರುವವರು ದೊಡ್ಡದಾಗಿ ಹೇಳುವುದು ಇದನ್ನೇ.

ಪರೀಕ್ಷೆಗೆ ನೊಣವೇ ಏಕೆ? 25 ಡಿಗ್ರಿ ಶಾಖದಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆ ನೊಣವಾಗುತ್ತದೆ. ಎರಡು ಮೂರು ತಿಂಗಳೊಳಗೆ ಅದರ ಮುಪ್ಪು, ಸಾವು ಎರಡನ್ನೂ ನೋಡಿ ಮುಗಿಸಬಹುದು. ಮನುಷ್ಯರ ಕಾಯಿಲೆಗಳಿಗೆ ಸಂಬಂಧಿಸಿದ ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ನೊಣದಲ್ಲಿ ಜೋಡಿ ಇದೆ ಎಂಬುದು ಸಾಮಾನ್ಯ ಅಂದಾಜು.

ಗುಜರಾತಿನ ಗಾಂಧಿನಗರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. ಅವರು ತೆಗೆದುಕೊಂಡದ್ದು ಡಿಜೆ-1 ಬೀಟಾ ಎಂಬ ಜೀನ್ ಕೆಟ್ಟ ನೊಣಗಳನ್ನು. ಮನುಷ್ಯರಲ್ಲಿ ಇದಕ್ಕೆ ಸಮನಾದ ಜೀನ್ ಕೆಟ್ಟರೆ ಎಳೆ ವಯಸ್ಸಿಗೇ ಪಾರ್ಕಿನ್ಸನ್ ಕಾಯಿಲೆ ಬರುವುದುಂಟು. ಈ ನೊಣಗಳು ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸೋಕಿದರೆ ಬೇಗ ಸೋಲುತ್ತವೆ. ಸ್ಪಿರುಲಿನಾ ತಿಂದವು ಹೆಚ್ಚು ದಿನ ಬದುಕಿದವು, ಚೆನ್ನಾಗಿ ಹತ್ತಿದವು. ಹತ್ತುವುದೆಂದರೆ ಹೀಗೆ: ನೊಣವಿರುವ ಗಾಜಿನ ಕೊಳವೆಯನ್ನು ಮೆಲ್ಲಗೆ ಕುಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ, ಆರೋಗ್ಯವಾಗಿದ್ದದ್ದು ತಕ್ಷಣ ಗೋಡೆ ಹಿಡಿದು ಮೇಲೇರುತ್ತದೆ, ನರ ಸೊರಗಿದ್ದು ತಳದಲ್ಲೇ ತಡವರಿಸುತ್ತದೆ. ಗೊತ್ತಾದ ಎತ್ತರವನ್ನು ಎಷ್ಟು ನೊಣ ಮುಟ್ಟಿದವು ಎಂದು ಎಣಿಸಿದರಾಯಿತು. ಇಷ್ಟು ಅಗ್ಗದ ನರಪರೀಕ್ಷೆ ಬೇರೆಲ್ಲೂ ಸಿಗಲಾರದು.

ಆದರೆ ಇಂಥ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಆಯಸ್ಸಿನ ಗೆರೆಯನ್ನಲ್ಲ, ನೊಣ ಎಷ್ಟು ತಿಂದಿತು ಎಂಬ ಲೆಕ್ಕವನ್ನು. ಪಾಚಿ ಪುಡಿಗೆ ಮೀನಿನಂಥ ವಾಸನೆ. ರುಚಿಸದೆ ನೊಣ ಕಡಿಮೆ ತಿಂದಿದ್ದರೆ? ಕಡಿಮೆ ತಿಂದ ನೊಣ ಹೆಚ್ಚು ಬಾಳುತ್ತದೆಂಬುದು ಹಳೆಯ ಸಂಗತಿ. ಆಗ ಪುಣ್ಯ ಪಾಚಿಯದಲ್ಲ, ಉಪವಾಸದ್ದು. ಅದಕ್ಕೇ ಜಾಗರೂಕ ಸಂಶೋಧಕರು ಊಟಕ್ಕೆ ನೀಲಿ ಬಣ್ಣ ಬೆರೆಸಿ ಹೊಟ್ಟೆಗೆ ಹೋದದ್ದನ್ನು ಅಳೆಯುತ್ತಾರೆ, ಇಲ್ಲವೇ ಕೂದಲೆಳೆಯಂಥ ಗಾಜಿನ ನಳಿಗೆಯಿಂದ ಕುಡಿಸಿ ಎಷ್ಟು ಇಳಿಯಿತೆಂದು ನೋಡುತ್ತಾರೆ.

ಪ್ರೋಟೀನಿನದು ಇನ್ನೊಂದು ತೊಡಕು. 2008ರ ಒಂದು ಹೆಸರಾಂತ ಅಧ್ಯಯನದಲ್ಲಿ, ಒಂದು ಪಾಲು ಪ್ರೋಟೀನಿಗೆ 16 ಪಾಲು ಸಕ್ಕರೆ ಇದ್ದಾಗ ಹೆಣ್ಣುನೊಣ ಅತಿ ಹೆಚ್ಚು ಬಾಳಿತು. ಜೀವಮಾನದಲ್ಲಿ ಅತಿ ಹೆಚ್ಚು ಮೊಟ್ಟೆ ಇಟ್ಟದ್ದು ಒಂದಕ್ಕೆ ನಾಲ್ಕು ಪಾಲಿದ್ದಾಗ. ಬೆಲ್ಲ-ರವೆಯ ಊಟಕ್ಕೆ ಸ್ಪಿರುಲಿನಾ ಸುರಿದರೆ ಈ ಅನುಪಾತವೇ ಬದಲಾಗುತ್ತದೆ. ಮೊಟ್ಟೆ ಹೆಚ್ಚಿತೆಂದರೆ ಅದು ಫೈಕೋಸಯನಿನ್‌ನಿಂದಲೋ, ಬರೀ ಪ್ರೋಟೀನಿನಿಂದಲೋ? ಅಷ್ಟೇ ಪ್ರೋಟೀನನ್ನು ಯೀಸ್ಟ್ ರೂಪದಲ್ಲಿ ಕೊಟ್ಟ ಇನ್ನೊಂದು ಗುಂಪು ಪಕ್ಕದಲ್ಲಿ ಇರಲೇಬೇಕು. ಆ ಗುಂಪಿಲ್ಲದ ಪ್ರಬಂಧವನ್ನು ಅರ್ಧ ಪ್ರಯೋಗ ಎಂದೇ ನಾನು ಓದುವುದು.

ನೊಣ ಹೇಳಲಾರದ ಸಂಗತಿಗಳೂ ಇವೆ. ಕೆರೆ ನೀರಿನಲ್ಲಿ ಬೆಳೆದ ಪಾಚಿಗೆ ಬೇರೆ ಸಯನೋಬ್ಯಾಕ್ಟೀರಿಯಾಗಳ ಮೈಕ್ರೋಸಿಸ್ಟಿನ್ ಎಂಬ ವಿಷ ಬೆರೆಯಬಹುದು. ಅದು ಮನುಷ್ಯರ ಪಿತ್ತಜನಕಾಂಗಕ್ಕೆ ಕೆಡುಕು. ಫಿನೈಲ್‌ಕೀಟೋನೂರಿಯಾ ಇರುವವರಿಗೆ ಸ್ಪಿರುಲಿನಾ ವರ್ಜ್ಯ, ಏಕೆಂದರೆ ಅವರ ದೇಹ ಅರಗಿಸಲಾರದ ಅಮೈನೋ ಆಮ್ಲ ಅದರಲ್ಲಿದೆ. ಬಿ12 ವಿಚಾರವಂತೂ ಸಸ್ಯಾಹಾರಿಗಳು ತಿಳಿದಿರಬೇಕಾದದ್ದು. ಪೋಷಕಾಂಶಗಳನ್ನು ಒಂದೊಂದಾಗಿ ಅಳೆದು ಹಾಕುವ ನೊಣದ ಕೃತಕ ಆಹಾರದಲ್ಲಿ ಬಿ12 ಇರುವುದೇ ಇಲ್ಲ, ನೊಣ ಅದಿಲ್ಲದೆಯೇ ಬೆಳೆಯುತ್ತದೆ. ನಮಗೆ ಅದು ಬೇಕೇಬೇಕು. ಸ್ಪಿರುಲಿನಾದಲ್ಲಿರುವುದು ಬಹುಪಾಲು ಹುಸಿ ಬಿ12. ನಮ್ಮ ದೇಹ ಅದನ್ನು ಬಳಸಿಕೊಳ್ಳದು. ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದಿದ್ದರೆ ಹಸಿರು ಮಾತ್ರೆಯನ್ನು ನಂಬಿ ಕೂರಬೇಡಿ, ವೈದ್ಯರು ಬರೆದುಕೊಡುವ ಬಿ12 ತೆಗೆದುಕೊಳ್ಳಿ.