ಎಂಟು ಸಾವಿರ ನೋಟ್‌ಬುಕ್ಕಿನ ನಕಲು

ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಮೊಬೈಲ್ ಇದೆಯಾ? ಇದ್ದರೆ ಅದರ ಒಳಗೆ ಲಿನಕ್ಸ್ ಇದೆ. ಕಂಪ್ಯೂಟರ್ ಆಗಲಿ ಮೊಬೈಲ್ ಆಗಲಿ, ಬರೀ ಯಂತ್ರ ತಾನಾಗಿ ಏನೂ ಮಾಡುವುದಿಲ್ಲ. ಪರದೆಯ ಮೇಲೆ ಏನು ತೋರಿಸಬೇಕು, ಯಾವ ಕೆಲಸಕ್ಕೆ ಎಷ್ಟು ಜಾಗ ಕೊಡಬೇಕು ಅಂತ ಒಳಗೆ ಕೂತು ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಂ. ಲಿನಕ್ಸ್ ಅಂಥದ್ದರ ತಿರುಳು. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದನ್ನು ಬರೆಯಲು ಶುರು ಮಾಡಿದರು. ಆಗ ಅದು ಸುಮಾರು 10 ಸಾವಿರ ಸಾಲು ಇತ್ತು. 2025ರ ಹೊತ್ತಿಗೆ ಖಾಲಿ ಸಾಲು, ಟಿಪ್ಪಣಿ ಎಲ್ಲಾ ಸೇರಿ ಸುಮಾರು 4 ಕೋಟಿ ಸಾಲು ಆಗಿದೆ. ಪುಟಕ್ಕೆ 25 ಸಾಲಿನಂತೆ 200 ಪುಟದ ನೋಟ್‌ಬುಕ್ಕಿನಲ್ಲಿ ಬರೆದರೆ ಎಷ್ಟು ಬೇಕು ಅಂತ ನಾನು ಲೆಕ್ಕ ಹಾಕಿದೆ. 8000 ನೋಟ್‌ಬುಕ್! ನಮ್ಮ ಶಾಲೆಯ ಎಲ್ಲಾ ಮಕ್ಕಳ ನೋಟ್‌ಬುಕ್ ಸೇರಿಸಿದರೂ ಅಷ್ಟಾಗಲ್ಲ.

ಈ 4 ಕೋಟಿ ಸಾಲಿನ ಬರಹಕ್ಕೆ ಸೋರ್ಸ್ ಕೋಡ್ ಅಂತಾರೆ. ಅದನ್ನು ಯಾರು ಬೇಕಾದರೂ ದುಡ್ಡು ಕೊಡದೆ ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಬಹುದು, ಓದಬಹುದು, ತಿದ್ದಬಹುದು. ಆದರೆ ತೊಂದರೆ ಏನಪ್ಪಾ ಅಂದ್ರೆ, ಮೂಲ ಸುಮ್ಮನೆ ಇರುವುದಿಲ್ಲ. ಬೇರೆ ಬೇರೆ ದೇಶದ ಸಾವಿರಾರು ಜನ ಅದನ್ನು ತಿದ್ದುತ್ತಾನೇ ಇರುತ್ತಾರೆ. 9-10 ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿ ಸಲವೂ 10 ಸಾವಿರಕ್ಕಿಂತ ಹೆಚ್ಚು ತಿದ್ದುಪಡಿ. ಇವತ್ತು ಮಾಡಿಕೊಂಡ ನಕಲು ನಾಳೆಗೇ ಹಳೆಯದು. ಹಾಗಂತ ದಿನಾ 8000 ನೋಟ್‌ಬುಕ್ ಮತ್ತೆ ಬರೆಯಲು ಆಗುತ್ತಾ? ನಮ್ಮ ನಕಲನ್ನು ಮೂಲದ ಜೊತೆಗೆ ಸರಿಸಮವಾಗಿ ಇಟ್ಟುಕೊಳ್ಳುವುದು ಹೇಗೆ ಅಂತ ನನ್ನ ದೊಡ್ಡಪ್ಪನ ಮಗ ಅಣ್ಣ ನನಗೆ ಹೇಳಿಕೊಟ್ಟ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ.

ಚುನಾವಣೆ ಹತ್ತಿರ ಬಂದಾಗ ಮತದಾರರ ಪಟ್ಟಿ ಬರುತ್ತದಲ್ಲ, ಅದರ ಕೊನೆಗೆ ಪೂರಕ ಪಟ್ಟಿ ಅಂತ ಇರುತ್ತದೆ. ಹೊಸದಾಗಿ ಸೇರಿದವರು ಯಾರು, ತೆಗೆದದ್ದು ಯಾರನ್ನು, ತಿದ್ದಿದ್ದು ಯಾವ ಹೆಸರು, ಇಷ್ಟೇ. ಇಡೀ ಪಟ್ಟಿ ಮತ್ತೆ ಕೊಡುವುದಿಲ್ಲ. ಲಿನಕ್ಸ್‌ನವರೂ ಮೊದಲು ಹೀಗೇ ಮಾಡುತ್ತಿದ್ದರು. ಬದಲಾದ ಸಾಲುಗಳನ್ನು ಮಾತ್ರ ಒಂದು ಕಡತದಲ್ಲಿ ಹಾಕಿ ಕೊಡುತ್ತಿದ್ದರು. ಅದಕ್ಕೆ ಪ್ಯಾಚ್ ಅಂತ ಹೆಸರು, ಅಂದರೆ ತೇಪೆ. ಸಾಲಿನ ಮುಂದೆ ಮೈನಸ್ ಗುರುತು ಇದ್ದರೆ ಅದನ್ನು ತೆಗೆ, ಪ್ಲಸ್ ಇದ್ದರೆ ಅದನ್ನು ಸೇರಿಸು. ಎಲ್ಲಿ ಸೇರಿಸಬೇಕು ಅಂತ ಗೊತ್ತಾಗಲು ಆ ಜಾಗದ ಮೇಲಿನ ಮೂರು ಸಾಲು, ಕೆಳಗಿನ ಮೂರು ಸಾಲೂ ಬರೆದಿರುತ್ತಾರೆ. ಈ ತೇಪೆ ಹಚ್ಚುವ ಪ್ರೋಗ್ರಾಂ ಅನ್ನು ಲಿನಕ್ಸ್‌ಗಿಂತ ಮೊದಲೇ, 1985ರಲ್ಲಿ, ಲ್ಯಾರಿ ವಾಲ್ ಅನ್ನುವವರು ಬರೆದಿದ್ದರು.

ತೇಪೆಗೆ ಒಂದು ನಿಯಮ ಇದೆ. ಸಾಲಾಗಿ ಹಚ್ಚಬೇಕು. 13ನೆಯದರಿಂದ 15ನೆಯದಕ್ಕೆ ಹೋಗಬೇಕಾದರೆ 14ರ ತೇಪೆಯನ್ನು ಮೊದಲು ಹಚ್ಚಲೇಬೇಕು. ಮಂಗಳವಾರ ಶಾಲೆಗೆ ಬರದವರು ಬುಧವಾರದ ಗಣಿತವನ್ನು ಮಾತ್ರ ಬರೆದುಕೊಂಡರೆ ತಲೆ ಬುಡ ತಿಳಿಯಲ್ಲ, ಹಾಗೇ.

ಇನ್ನೊಂದು ದಾರಿ ಆರ್‌ಸಿಂಕ್. ಇದನ್ನು 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ ಮಾಡಿದರು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ಇಲ್ಲಿ ತೇಪೆ ಬರೆದು ಕೊಡುವವರು ಯಾರೂ ಬೇಡ. ನನ್ನ ಹತ್ತಿರ ಹಳೆಯ ಕಡತ ಇದೆ, ದೂರದ ಕಂಪ್ಯೂಟರಿನಲ್ಲಿ ಹೊಸದಿದೆ ಅಂತ ಇಟ್ಟುಕೊಳ್ಳಿ. ನನ್ನ ಕಂಪ್ಯೂಟರು ಹಳೆಯದನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಲೆಕ್ಕದ ಸಂಖ್ಯೆ ಕಟ್ಟಿ, ಆ ಸಂಖ್ಯೆಗಳನ್ನು ಮಾತ್ರ ಕಳಿಸುತ್ತದೆ. ಆ ಕಡೆಯ ಕಂಪ್ಯೂಟರು ಹೊಸ ಕಡತದಲ್ಲಿ ಅಂಥ ತುಂಡು ಎಲ್ಲೆಲ್ಲಿ ಇದೆ ಅಂತ ಹುಡುಕುತ್ತದೆ. ಇದ್ದದ್ದನ್ನು ಬಿಟ್ಟು, ಇಲ್ಲದ್ದನ್ನು ಮಾತ್ರ ಕಳಿಸುತ್ತದೆ. ನಾನು ಕೇಳಿದೆ, "ಅಣ್ಣಾ, ಮೊದಲನೇ ಸಾಲಿನಲ್ಲೇ ಒಂದು ಪದ ಸೇರಿಸಿದರೆ ಮುಂದಿನದೆಲ್ಲಾ ಸರಿದು ಹೋಗುತ್ತಲ್ಲ, ಆಗ ಒಂದು ತುಂಡೂ ಹೊಂದಲ್ಲ?" ಅವನು, "ಒಳ್ಳೇ ಪ್ರಶ್ನೆ ಕೇಳಿದೆ ಪುಟ್ಟಿ" ಅಂದ. ಒಂದು ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಪುಸ್ತಕದ ಸಾಲಿನ ಮೇಲೆ ಒಂದೊಂದೇ ಅಕ್ಷರ ಜರುಗಿಸಿ ತೋರಿಸಿದ. ಆರ್‌ಸಿಂಕ್ ಹೀಗೇ ಕಿಟಕಿ ಜರುಗಿಸುತ್ತಾ ಹುಡುಕುವುದರಿಂದ ತುಂಡು ಎಲ್ಲಿಗೆ ಸರಿದಿದ್ದರೂ ಸಿಕ್ಕಿಬಿಡುತ್ತದೆ.

ಲೆಕ್ಕದ ಸಂಖ್ಯೆ ಅಂದೆನಲ್ಲ, ಅದು ಬರೀ ಕೂಡಿದರೆ ಸಾಲದು. ಅಂಗಡಿ ಚೀಟಿಯಲ್ಲಿ ಬೆಲ್ಲ 40, ಬೇಳೆ 90 ಅಂತ ಇರುವುದನ್ನು ಯಾರಾದರೂ ಬೆಲ್ಲ 90, ಬೇಳೆ 40 ಮಾಡಿದರೂ ಮೊತ್ತ 130 ಬರುತ್ತದೆ. ಅದಕ್ಕೇ ಯಾವ ಜಾಗದಲ್ಲಿ ಏನಿದೆ ಅನ್ನುವುದೂ ಸೇರುವಂಥ ಲೆಕ್ಕ ಬೇಕು. ಒಳ್ಳೆಯ ಲೆಕ್ಕದಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯೇ ಆಗುತ್ತದೆ. ಇದು ಕಡತದ ಹೆಬ್ಬೆಟ್ಟಿನ ಗುರುತು ಅಂತ ತಿಳಿದುಕೊಳ್ಳಿ.

ಇಷ್ಟೆಲ್ಲಾ ಯಾಕೆ, ಒಂದೆರಡು ಸಾಲು ಹೆಚ್ಚುಕಮ್ಮಿ ಆದರೆ ಏನಾಗುತ್ತೆ ಅಂತ ನಿಮಗೆ ಅನ್ನಿಸಬಹುದು. 2003ರ ನವೆಂಬರಿನಲ್ಲಿ ನಡೆದದ್ದು ಕೇಳಿ. ಆಗ ಲಿನಕ್ಸ್‌ನ ಮೂಲವನ್ನು ಬಿಟ್‌ಕೀಪರ್ ಎಂಬ ವ್ಯವಸ್ಥೆಯಲ್ಲಿ ಇಟ್ಟಿದ್ದರು. ಅದು ಬೇಡ ಅನ್ನುವವರಿಗಾಗಿ ಸಿವಿಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ನಕಲು ಇತ್ತು. ಯಾರೋ ಆ ನಕಲಿಗೆ ಕಳ್ಳತನದಿಂದ ಎರಡು ಸಾಲು ಸೇರಿಸಿಬಿಟ್ಟರು. ನಾವು ಗಣಿತದಲ್ಲಿ ಸಮ ಅನ್ನಲು ಒಂದು = ಹಾಕುತ್ತೇವೆ. ಆದರೆ ಲಿನಕ್ಸ್ ಬರೆದಿರುವ ಸಿ ಭಾಷೆಯಲ್ಲಿ "ಸಮ ಇದೆಯಾ?" ಅಂತ ಕೇಳಲು == ಅಂತ ಎರಡು ಹಾಕಬೇಕು. ಒಂದೇ = ಹಾಕಿದರೆ "ಹಾಗೆ ಮಾಡು" ಅಂತ ಅರ್ಥ. ಕಂಪ್ಯೂಟರಿನಲ್ಲಿ ಪ್ರತಿ ಬಳಕೆದಾರರಿಗೂ ಒಂದು ನಂಬರು ಇರುತ್ತದೆ. 0 ನಂಬರಿನವನು ಇಡೀ ಯಂತ್ರದ ಯಜಮಾನ. ಆ ಕಳ್ಳ ಸಾಲು ನೋಡುವುದಕ್ಕೆ "ಇವನ ನಂಬರು 0 ಇದೆಯಾ?" ಅಂತ ಕೇಳಿದ ಹಾಗೆ ಕಾಣುತ್ತಿತ್ತು. ಆದರೆ ಇದ್ದದ್ದು ಒಂದೇ =. ಅಂದರೆ "ಇವನ ನಂಬರು 0 ಮಾಡು." ಗುಟ್ಟು ಗೊತ್ತಿದ್ದವನು ಯಜಮಾನ ಆಗಿಬಿಡುತ್ತಿದ್ದ! 4 ಕೋಟಿ ಅಲ್ಲದಿದ್ದರೂ ಆಗಲೇ ಲಕ್ಷಗಟ್ಟಲೆ ಸಾಲಿತ್ತು, ಕಣ್ಣಿಂದ ಓದಿ ಹಿಡಿಯುವುದು ಕಷ್ಟ. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ನಕಲನ್ನು ಮೂಲದ ಜೊತೆ ಹೋಲಿಸಿ ನೋಡುವ ಪರೀಕ್ಷೆಯಲ್ಲಿ ಒಂದು ಕಡತ ಹೊಂದಲಿಲ್ಲ. ಮೂಲದಲ್ಲಿ ಇಲ್ಲದ ಸಾಲು ನಕಲಿಗೆ ಎಲ್ಲಿಂದ ಬಂತು ಅಂತ ನೋಡಿ ಕಿತ್ತು ಹಾಕಿದರು. ಮೂಲಕ್ಕೆ ಏನೂ ಆಗಿರಲಿಲ್ಲ.

2005ರ ಏಪ್ರಿಲ್‌ನಲ್ಲಿ ಬಿಟ್‌ಕೀಪರ್ ಪುಕ್ಕಟೆ ಸಿಗುವುದು ನಿಂತಾಗ ಲಿನಸ್ ಅವರೇ ಗಿಟ್ ಎಂಬ ಹೊಸ ವ್ಯವಸ್ಥೆ ಬರೆದರು. ಈಗ ಲಿನಕ್ಸ್ ಇರುವುದು ಅದರಲ್ಲೇ. ಇದರಲ್ಲಿ ನಕಲು ಮಾಡಿಕೊಂಡರೆ ಇವತ್ತಿನ ಬರಹ ಮಾತ್ರ ಅಲ್ಲ, ಗಿಟ್‌ನಲ್ಲಿ ಇಟ್ಟಾಗಿನಿಂದ ಆದ ಎಲ್ಲಾ ತಿದ್ದುಪಡಿಯೂ ಬರುತ್ತದೆ. ಪ್ರತಿ ತಿದ್ದುಪಡಿಗೂ 40 ಅಂಕಿ-ಅಕ್ಷರದ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಲೆಕ್ಕದಲ್ಲಿ ಹಿಂದಿನ ತಿದ್ದುಪಡಿಯ ಹೆಬ್ಬೆಟ್ಟೂ ಸೇರಿರುತ್ತದೆ. ಹಾಗಾಗಿ ಹಳೆಯದನ್ನು ಯಾರಾದರೂ ಗುಟ್ಟಾಗಿ ಬದಲಾಯಿಸಿದರೆ ಮುಂದಿನ ಎಲ್ಲವೂ ತಪ್ಪುತ್ತದೆ, ನಕಲು ಇರುವವರಿಗೆಲ್ಲ ಗೊತ್ತಾಗುತ್ತದೆ. 2011ರ ಆಗಸ್ಟ್‌ನಲ್ಲಿ ಲಿನಕ್ಸ್ ಇಟ್ಟಿರುವ ಕಂಪ್ಯೂಟರುಗಳಿಗೇ ಕಳ್ಳರು ನುಗ್ಗಿದ್ದು ಗೊತ್ತಾಯಿತು. ವಾರಗಟ್ಟಲೆ ಅವು ಬಂದ್. ಆದರೂ ಕೆಲಸ ನಿಲ್ಲಲಿಲ್ಲ. ಪೂರ್ತಿ ನಕಲು ಸಾವಿರಾರು ಜನರ ಹತ್ತಿರ ಇತ್ತು. ಲಿನಸ್ ಬೇರೆ ಕಡೆ ಇಟ್ಟು ಮುಂದುವರಿಸಿದರು.

ಇನ್ನು ನಮ್ಮೂರಲ್ಲಿ ಇದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ. ಮೊದಲನೇ ಸಲ ಪೂರ್ತಿ ತರುವುದಕ್ಕೆ ಗಿಟ್ ಕ್ಲೋನ್ ಅಂತಾರೆ. ಅದು ಜಿಬಿಗಟ್ಟಲೆ. ಮಧ್ಯದಲ್ಲಿ ನೆಟ್‌ವರ್ಕ್ ಹೋದರೆ ಸಾಮಾನ್ಯವಾಗಿ ಮತ್ತೆ ಮೊದಲಿಂದ ಶುರು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದೇ ಹಾಲಿನ ಡೈರಿ ಕಟ್ಟೆಯ ಮೇಲೆ, ಅದೂ ಮೋಡ ಇಲ್ಲದಾಗ. ಅದಕ್ಕೇ ಅಣ್ಣ ಕಾಲೇಜಿನಲ್ಲೇ ಕ್ಲೋನ್ ಮಾಡಿಕೊಂಡು ಬಂದಿದ್ದ. ಊರಲ್ಲಿ ಮಾಡುವುದು ಗಿಟ್ ಫೆಚ್ ಮಾತ್ರ. "ನನ್ನ ಹತ್ತಿರ ಇಲ್ಲಿಯವರೆಗೆ ಇದೆ, ಮುಂದಿನದು ಕೊಡು" ಅಂತ ಕೇಳಿದ ಹಾಗೆ. ದೀಪಾವಳಿ ರಜೆಯಲ್ಲಿ ಡೈರಿ ಕಟ್ಟೆಯ ಮೇಲೆ ಫೆಚ್ ಮಾಡಿ ಮನೆಗೆ ಬಂದು, ನೆಟ್ಟೇ ಇಲ್ಲದೆ ರಾತ್ರಿಯೆಲ್ಲಾ ಓದುತ್ತಿದ್ದ. ದೊಡ್ಡಮ್ಮ ಬೈಯುತ್ತಿದ್ದರು.

ನಾವು ಏನಾದರೂ ತಿದ್ದುವುದಿದ್ದರೆ ಬೇರೆ ಬ್ರಾಂಚ್, ಅಂದರೆ ಕೊಂಬೆ, ಮಾಡಿಕೊಂಡು ಅದರಲ್ಲಿ ತಿದ್ದಬೇಕು. ಮೂಲದ ನಕಲಿಗೆ ಕೈ ಹಾಕಬಾರದು. ಹಾಕಿದರೆ ಎರಡು ಕಡೆಯ ತಿದ್ದುಪಡಿಗೂ ಜಗಳ ಹತ್ತಿಕೊಳ್ಳುತ್ತದೆ. ಗಿಟ್ ಪುಲ್ ಮಾಡುವಾಗ "ಎಫ್ಎಫ್ ಓನ್ಲಿ" ಅಂತ ಸೇರಿಸಿದರೆ, ನಾವು ನಡುವೆ ಏನೂ ಸೇರಿಸಿಲ್ಲದಿದ್ದರೆ ಮಾತ್ರ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಆಗಲ್ಲ ಅನ್ನುತ್ತದೆ. ಹಳೆಯ ತಿದ್ದುಪಡಿಗಳು ಬೇಡ, ಜಾಗವೂ ಕಡಿಮೆ ಇದೆ ಅನ್ನುವವರು "ಡೆಪ್ತ್ 1" ಅಂತ ಹೇಳಿ ಇವತ್ತಿನ ಬರಹ ಮಾತ್ರ ತರಬಹುದು. ನಮ್ಮ ಶಾಲೆಯ ಕಂಪ್ಯೂಟರಿಗೆ ಅದೇ ಸರಿ ಅಂತ ನನಗೆ ಅನ್ನಿಸುತ್ತದೆ.

ನೆಟ್‌ವರ್ಕ್ ಏನೂ ಇಲ್ಲದ ಊರಿಗೆ ಗಿಟ್ ಬಂಡಲ್ ಇದೆ. ಪೇಟೆಯಲ್ಲಿ ಇರುವವರು ಹೊಸ ತಿದ್ದುಪಡಿಗಳನ್ನು ಒಂದೇ ಕಡತಕ್ಕೆ ಕಟ್ಟಿ ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ. ಆದರೆ ಹಿಂದಿನ ಸಲ ಎಲ್ಲಿಯವರೆಗೆ ತಂದಿದ್ದೆವು ಅಂತ ಬರೆದಿಟ್ಟುಕೊಂಡು ಅವರಿಗೆ ಹೇಳಬೇಕು. ಮನೆಗೆ ಬಂದು "ಬಂಡಲ್ ವೆರಿಫೈ" ಕೊಟ್ಟರೆ, ಇದಕ್ಕೆ ಬೇಕಾದ ಹಿಂದಿನದೆಲ್ಲಾ ನಿಮ್ಮ ಹತ್ತಿರ ಇದೆಯೋ ಇಲ್ಲವೋ ಅಂತ ಅದೇ ಹೇಳುತ್ತದೆ. ಇಲ್ಲ ಅಂದರೆ ಪೆನ್‌ಡ್ರೈವ್ ತಗೊಂಡು ಮತ್ತೆ ಬಸ್ಸು ಹತ್ತಬೇಕು.

– ಏಳನೇ ತರಗತಿ ವಿದ್ಯಾರ್ಥಿನಿ